ಸೆಲ್ಲಕ್ಕನ ಮಕ್ಕಳು

ಒಳಕೋಣೆಯ ಅಕ್ಕ ಮಕ್ಕಳನ್ನು ಫ್ರೀಜರಿನಲ್ಲಿಡುತ್ತಾಳೆ ಎಂದು ನಂಬಿ, ಸ್ಪ್ಯಾನರ್ ಹಿಡಿದುಕೊಂಡು ಹೋಗಿ ಅವಳ ಬಾಗಿಲು ಬಡಿದವನು ಈ ಲೋಕದಲ್ಲಿ ಒಬ್ಬನೇ. ಆ ಮಹಾನುಭಾವನನ್ನು ‘ನಾನು’ ಎಂದು ಬರೆಯಲು ಇವತ್ತಿಗೂ ನಾಚಿಕೆ. ಆದ್ದರಿಂದ ಇಲ್ಲಿ ಅವನು ಬರೀ ಎಸಿಯವನು. ಆ ಕಟ್ಟಡದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೂ ಹಾಗೆಯೇ.

ಕಟ್ಟಡವೆಂದರೆ ದೊಡ್ಡ ಆಸ್ಪತ್ರೆಯ ಹಿಂದುಗಡೆಯ ಸಂಶೋಧನಾಲಯ. ಎಸಿ ರಿಪೇರಿಯ ಗುತ್ತಿಗೆ ಕಂಪನಿ ಅವನನ್ನು ಅಲ್ಲಿಗೆ ಹಾಕಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ, ಮೂರನೇ ಮಹಡಿಯ ಫಾಲ್ಸ್ ಸೀಲಿಂಗಿನೊಳಗೆ ತಲೆ ತೂರಿಸಿ ಧೂಳು ತೆಗೆಯುತ್ತಿದ್ದಾಗ ಕೆಳಗಿನಿಂದ ಹೆಂಗಸಿನ ದನಿ ಕೇಳಿಸಿತು. ಫೋನಿನಲ್ಲಿ ಯಾರೊಡನೆಯೋ ಮಾತು.

“ಇರೇ, ಮಕ್ಕಳಿಗೆ ಊಟ ಹಾಕಿ ಬರ್ತೀನಿ. ಈ ಕಡೆಯವನ್ನ ನಿನ್ನೆಯಿಂದ ಉಪವಾಸ ಕೆಡವಿದೀನಿ, ಅವಕ್ಕೆ ಇವತ್ತೂ ಇಲ್ಲ. ಹೆಚ್ಚಾಗಿದ್ದವನ್ನೆಲ್ಲ ಫ್ರೀಜರ್‌ಗೆ ಹಾಕ್ದೆ. ಇನ್ನೆಲ್ಲಿ ಜಾಗ ಇದೆ ಹೇಳು.”

ಎಸಿಯವನ ಕೈಕಾಲು ತಣ್ಣಗಾದವು. ಎಸಿಯ ತಂಪಿಗಂತೂ ಅಲ್ಲ, ಅದು ಕೆಟ್ಟಿದ್ದಕ್ಕೇ ಅವನು ಏಣಿ ಹತ್ತಿದ್ದು. ಸದ್ದಾಗದಂತೆ ಇಳಿದು, ಒಂದೇ ಉಸಿರಿಗೆ ಗೇಟಿಗೆ ಓಡಿ, ಸೆಕ್ಯುರಿಟಿ ತಾತನ ಕಿವಿಯಲ್ಲಿ ವಿಷಯ ಉಸುರಿದ. ತಾತ ಇಡೀ ಕಟ್ಟಡದ ಒಳಗುಟ್ಟು ಬಲ್ಲವರು. ಮೀಸೆಯ ಒಂದು ಕೂದಲೂ ಅಲುಗದಂತೆ ಪೂರ್ತಿ ಕೇಳಿಸಿಕೊಂಡರು. ತಮಗೂ ಬಹಳ ದಿನದಿಂದ ಅನುಮಾನವಿತ್ತೆಂದೂ, ಆಯಮ್ಮ ರಜಾ ದಿನವೂ ಬಂದು ಬಾಗಿಲು ಹಾಕಿಕೊಳ್ಳುತ್ತಾಳೆಂದೂ, ಹಿಡಿಯುವುದಾದರೆ ಈಗಲೇ ಹಿಡಿಯಬೇಕೆಂದೂ ಹೇಳಿದರು. ಬರಿಗೈಲಿ ಹೋಗಬೇಡ ಎಂದು ಬುದ್ಧಿಮಾತನ್ನೂ ಸೇರಿಸಿದರು.

ಬಾಗಿಲು ತೆರೆದಾಗ ಎದುರಿಗೆ ನಿಂತವಳ ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು. ಮಕ್ಕಳನ್ನು ಫ್ರೀಜರಿಗೆ ಹಾಕುವವರು ಹೇಗಿರುತ್ತಾರೆಂದು ಅವನು ಮೆಟ್ಟಿಲು ಹತ್ತುತ್ತಾ ಊಹಿಸಿಕೊಂಡಿದ್ದನೋ ಹಾಗೆಯೇ ಇದ್ದಳು. ಮಕ್ಕಳೆಲ್ಲಿ ಎಂದು ಕೇಳಿದ. ಗಟ್ಟಿಯಾಗಿ ಕೇಳಬೇಕೆಂದಿದ್ದ ಮಾತು ಕೀರಲಾಗಿ ಹೊರಟಿತು.

ಅವಳು ಸ್ಪ್ಯಾನರನ್ನು ನೋಡಿದಳು. ಅವನ ಮುಖ ನೋಡಿದಳು. ಆಮೇಲೆ ಕಿಟಕಿಯಿಂದ ಗೇಟಿನ ಕಡೆ ನೋಡಿದಳು. ಅಲ್ಲಿ ತಾತ ಕಂಬ ಹಿಡಿದುಕೊಂಡು ನಗುತ್ತಿದ್ದರು. ಸರಿ, ಚಪ್ಪಲಿ ಹೊರಗೆ ಬಿಟ್ಟು ಬಾ ಎಂದಳು. ಬೀರುವಿನಂಥದೊಂದು ಪೆಟ್ಟಿಗೆಯ ಬಾಗಿಲು ತೆಗೆದಳು. ಒಳಗಿನಿಂದ ಬೆಚ್ಚನೆಯ ಉಸಿರು ಬಂದಂತಾಯಿತು. ಒಂದರ ಮೇಲೊಂದು ಜೋಡಿಸಿದ ಶೆಲ್ಫುಗಳ ಮೇಲೆ ಚಪ್ಪಟೆ ಬಾಟಲಿಗಳು ಮಲಗಿದ್ದವು. ಪ್ರತಿಯೊಂದರಲ್ಲೂ ತೆಳ್ಳಗೆ ಗುಲಾಬಿ ಬಣ್ಣದ ನೀರು.

“ಇವೇ ನನ್ನ ಮಕ್ಕಳು,” ಎಂದಳು. “ಸ್ಪ್ಯಾನರ್ ಕೆಳಗಿಡು. ಹೆದರ್ಕೋತವೆ.”

ಹೀಗೆ ಶುರುವಾಯಿತು ಪರಿಚಯ. ಆ ಗುಲಾಬಿ ನೀರಿನ ತಳದಲ್ಲಿ ಬರಿಗಣ್ಣಿಗೆ ಕಾಣದಂತೆ ಅಂಟಿಕೊಂಡಿದ್ದವು ಮನುಷ್ಯರ ಮೈಯಿಂದ ತೆಗೆದು ಬೆಳೆಸಿದ ಜೀವಕೋಶಗಳು. ಜೀವಕೋಶ ಎನ್ನುವುದು ಪುಸ್ತಕದ ಮಾತು. ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಅದು ಸೆಲ್ಲು, ಅವುಗಳನ್ನು ಸಾಕುವವಳು ಸೆಲ್ಲಕ್ಕ. ಸೆಲ್ಲಿಗೆ ದಿನವೂ ಹೊಸ ನೀರು ಹಾಕಬೇಕು, ಅದು ಊಟ. ಕೆಲವು ಪರೀಕ್ಷೆಗೆ ಮುಂಚೆ ಊಟ ತಪ್ಪಿಸಬೇಕು, ಅದು ಉಪವಾಸ. ಬೆಳೆದು ಜಾಗ ಸಾಲದಾದರೆ ಬಿಡಿಸಿ ಬೇರೆ ಬಾಟಲಿಗೆ ಹಾಕಬೇಕು, ಅದು ಮನೆ ಪಾಲು. ಮಿಕ್ಕವು ಫ್ರೀಜರಿಗೆ.

ಸೆಲ್ಲಕ್ಕನಿಗೆ ಐವತ್ತು ದಾಟಿತ್ತು. ಸೈನ್ಸ್ ಓದಿ ಟೀಚರ್ ಆಗಲು ಹೊರಟವಳು. ನೌಕರಿ ಸಿಗುವವರೆಗೆ ಅಂತ ಈ ಕಟ್ಟಡಕ್ಕೆ ಬಂದು ಇಲ್ಲೇ ಉಳಿದುಬಿಟ್ಟಳು. ಅವಳೇ ಹೇಳುತ್ತಿದ್ದಂತೆ, ಇಲ್ಲಿನ ಮಕ್ಕಳು ಗಲಾಟೆ ಮಾಡುವುದಿಲ್ಲ, ಪೋಷಕರು ಬಂದು ತಲೆ ತಿನ್ನುವುದಿಲ್ಲ. ಗಂಡ ಹೊಲಿಗೆ ಅಂಗಡಿಯವನು. ಹಬ್ಬವಿರಲಿ ಹುಣ್ಣಿಮೆಯಿರಲಿ ಹೆಂಡತಿ ಒಂದು ಗಳಿಗೆಗಾದರೂ ಲ್ಯಾಬಿಗೆ ಹೋಗಿ ಬರದೆ ಇರುವುದಿಲ್ಲವೆಂದು ಅವನಿಗೆ ಅಭ್ಯಾಸವಾಗಿ, ಗಿರಾಕಿಗಳ ಮುಂದೆ ಅದನ್ನು ದೂರಿನ ಹಾಗೆ ಹೇಳಿ ಒಳಗೊಳಗೇ ಜಂಬಪಡುತ್ತಿದ್ದ. ಸ್ವಂತದ ಮಗಳೊಬ್ಬಳು ಕಾಲೇಜಿನಲ್ಲಿದ್ದಳು. ನನ್ನನ್ನೂ ಆ ಪೆಟ್ಟಿಗೆಯಲ್ಲೇ ಬೆಳೆಸಿದ್ದರೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿತ್ತು ಅನ್ನುವುದು ಆ ಹುಡುಗಿಯ ವಾದ.

ಹಾಗಾದರೆ ಅವನ್ನು ಮಕ್ಕಳು ಅನ್ನುವುದೇಕೆ ಎಂದು ಎಸಿಯವನು ಒಮ್ಮೆ ಕೇಳಿದ್ದ. ಕರುಳು ಗಿರುಳು ಅಂತ ಏನಾದರೂ ಹೇಳುತ್ತಾಳೆಂದು ನಿರೀಕ್ಷೆ.

“ಸೆಲ್ಲಿಗೆ ನೀರು ಹಾಕ್ಬೇಕು ಅಂದ್ರೆ ಮದುವೆ ಮನೆಯಿಂದ ಯಾರೂ ಬಿಡಲ್ಲ ಕಣೋ. ಮಕ್ಕಳಿಗೆ ಊಟ ಹಾಕ್ಬೇಕು ಅಂದ್ರೆ ಬಸ್ಸಲ್ಲೂ ದಾರಿ ಬಿಡ್ತಾರೆ.”

ಭಾವುಕತೆಯ ಮಟ್ಟಿಗೆ ಅವಳು ಅಷ್ಟೇ. ಒಂದು ಸಲ ಯಾರದೋ ಕೈತಪ್ಪಿನಿಂದ ಕ್ರಿಮಿ ಹೊಕ್ಕು, ಗುಲಾಬಿ ನೀರೆಲ್ಲ ಹಳದಿಯಾಗಿ, ಬಹಳ ದಿನದ ಶ್ರಮ ಒಂದೇ ಬೆಳಗಿಗೆ ನೆಗೆದುಬಿದ್ದಿತ್ತು. ಓದುವ ಹುಡುಗಿಯೊಬ್ಬಳು ಅಳುತ್ತಾ ನಿಂತಿದ್ದಳು. ಸೆಲ್ಲಕ್ಕ ಎಲ್ಲಾ ಬಾಟಲಿಗೂ ಬ್ಲೀಚ್ ಸುರಿದು, ಪೆಟ್ಟಿಗೆ ಒರೆಸಿ, ಕೈ ತೊಳೆದು, ಡಬ್ಬಿ ಬಿಚ್ಚಿ ಊಟಕ್ಕೆ ಕೂತಳು. ಅಳುವವಳಿಗೂ ಅರ್ಧ ಕೊಟ್ಟಳು.

ಅವಳ ಇನ್ನೊಂದು ಪದ್ಧತಿಯನ್ನು ಇಲ್ಲೇ ಹೇಳಬೇಕು. ಬಾಟಲಿಗಳ ಮುಚ್ಚಳ ತೆಗೆಯುವುದು ಗಾಜಿನ ಮುಂಪರದೆಯ ಒಂದು ಮೇಜಿನಲ್ಲಿ. ಅಲ್ಲಿ ಕೂತಾಗ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಮಾತಾಡಿದರೆ ಎಂಜಲು ಹಾರುತ್ತದೆ, ಎಂಜಲಿನಲ್ಲಿ ಇಲ್ಲದ ಕ್ರಿಮಿ ಇಲ್ಲ, ಮಾಸ್ಕನ್ನು ನಂಬಿ ಕೂರಲಾಗದು. ಯಾರೇ ಏನೇ ಕೇಳಲಿ, ಉತ್ತರ ಮೂಗಿನಿಂದಲೇ: ಹ್ಞೂಂ ಅಥವಾ ಉಹ್ಞೂಂ. ಎದ್ದು ಗ್ಲೌಸ್ ಕಳಚಿದ ಮೇಲೆ ಮಾತ್ರ, ಅಲ್ಲಿಯವರೆಗೆ ಕೂಡಿಟ್ಟ ಮಾತೆಲ್ಲ ಒಟ್ಟಿಗೆ ಬರುತ್ತಿತ್ತು.

ಆ ಕಟ್ಟಡದಲ್ಲಿ ಯಂತ್ರಗಳಿಗೆ ಹೆಸರಿರಲಿಲ್ಲ, ಒಡೆಯರಿದ್ದರು. ಮೈಕ್ರೋಸ್ಕೋಪು ಸಂಶೋಧನಾಲಯದ ಮುಖ್ಯಸ್ಥೆ ಡಾಕ್ಟರಮ್ಮನದು, ಬಾಟಲಿ ಬೇಯಿಸುವ ದೊಡ್ಡ ಕುಕ್ಕರು ಸೆಲ್ಲಕ್ಕನದು, ಎಸಿಗಳೆಲ್ಲ ಎಸಿಯವನವು. “ನಿಂದು ಸೋರ್ತಿದೆ ನೋಡೋ,” ಎಂದು ಸೆಲ್ಲಕ್ಕ ಕಾರಿಡಾರಿನ ಆ ತುದಿಯಿಂದ ಕೂಗಿದಾಗ ಹೊಸಬರು ಅವನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಅವನು ಮೊದಮೊದಲು ನಾಚಿದ. ಆಮೇಲೆ ರೂಢಿಯಾಯಿತು.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಆ ವರ್ಷ ಎಸಿಯವನ ಅಣ್ಣ, ಮರಗೆಲಸದವನು, ತನ್ನ ವರ್ಕ್‌ಶಾಪಿನಲ್ಲಿ ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದವನು ಹಾಗೇ ಹೊಟ್ಟಿನ ರಾಶಿಯ ಮೇಲೆ ಕುಸಿದ. ಪಕ್ಕದ ಕೆಲಸಗಾರ ಎದೆ ಒತ್ತಿ ಒತ್ತಿ ಉಳಿಸಿಕೊಂಡ. ಆಸ್ಪತ್ರೆಯವರು ಕೊರಳೆಲುಬಿನ ಕೆಳಗೆ ಬಡಿತ ತಪ್ಪಿದರೆ ಸರಿಪಡಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಯಂತ್ರ ಹುದುಗಿಸಿದರು. ಅಣ್ಣ ಮನೆಗೆ ಬಂದ, ಮಾತಾಡಿದ, ತಿಂದ, ನಿದ್ದೆ ಮಾಡಿದ. ಅವನು ಬದುಕಿದ್ದಾನೆಂಬುದು ಮನೆಯವರಿಗೆ ನಿಧಾನವಾಗಿ ನಂಬಿಕೆಯಾಯಿತು.

ಆದರೆ ಯಾಕೆ ಹಾಗಾಯಿತು? ಡಾಕ್ಟರುಗಳಿಗೆ ಎರಡು ಅನುಮಾನ. ಹಿಂದೆ ಬಂದ ಜ್ವರವೊಂದು ಹೃದಯದ ಮೇಲೆ ಕಲೆ ಉಳಿಸಿ ಹೋಗಿರಬಹುದು. ಇಲ್ಲವೇ ಮನೆತನದ ರಕ್ತದಲ್ಲೇ ದೋಷವಿರಬಹುದು. ರಕ್ತ ಪರೀಕ್ಷೆ ಮಾಡಿಸಿದರೆ, ಹೃದಯದ ಬಡಿತ ನೋಡಿಕೊಳ್ಳುವ ಜೀನಿನಲ್ಲಿ ಒಂದು ಅಕ್ಷರ ಬೇರೆ ಬಂತು. ಅದೇ ಅಕ್ಷರ ತಮ್ಮನಲ್ಲೂ ಇತ್ತು. ಆಗ ತಾನೇ ಓಡಲು ಕಲಿತಿದ್ದ ಅಣ್ಣನ ಮಗಳು ಪುಟ್ಟಿಯಲ್ಲೂ ಇತ್ತು. ಅದರಿಂದ ಕೆಡುಕುಂಟೋ ಇಲ್ಲವೋ, ಗೊತ್ತಿಲ್ಲ.

ಡಾಕ್ಟರಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು ಬಿಡಿಸಿ ಹೇಳಿದರು. ಜೀನು ಅನ್ನುವುದು ಬರಹ ಇದ್ದ ಹಾಗೆ. ‘ಭಾಷೆ’ ಅನ್ನುವಲ್ಲಿ ಬಾಲ ಬಿಟ್ಟು ‘ಬಾಷೆ’ ಅಂತ ಬರೆದರೂ ಓದುವವರಿಗೆ ಅರ್ಥವಾಗುತ್ತದೆ, ಏನೂ ಕೆಡುವುದಿಲ್ಲ. ‘ಅಕ್ಕಿ’ ಅನ್ನುವಲ್ಲಿ ‘ಹಕ್ಕಿ’ ಅಂತ ಬರೆದರೆ ಅನ್ನವೇ ಹಾರಿಹೋಯಿತು. ನಿಮ್ಮ ಮನೆಯದು ಬಾಷೆಯೋ ಹಕ್ಕಿಯೋ ಎಂದು ಬರೀ ಅಕ್ಷರ ನೋಡಿ ಹೇಳಲಾಗದು, ಬದುಕಿರುವ ಸೆಲ್ಲಿನಲ್ಲಿ ಓದಿಸಿಯೇ ನೋಡಬೇಕು.

ಶಾಲೆಯಲ್ಲಿ ‘ಹಾಲು’ ಬರೆಯಲು ಹೇಳಿದರೆ ‘ಆಲು’ ಬರೆದು ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡವನು ಎಸಿಯವನು. ಆ ಕಾಗುಣಿತ ತನ್ನ ಎದೆಯವರೆಗೂ ಇಳಿದಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಅವನ ತೋಳಿನಿಂದ ರಕ್ತ ತೆಗೆದರು. ಮುಂದಿನದು ಸೆಲ್ಲಕ್ಕನ ಪಾಲಿಗೆ ಬಂತು. ಬಾಳುವ ಮನುಷ್ಯನ ಎದೆಯನ್ನು ಸೀಳಿ ನೋಡುವಂತಿಲ್ಲವಲ್ಲ, ಅದಕ್ಕೆ ರಕ್ತದ ಸೆಲ್ಲುಗಳನ್ನೇ ಹಿಡಿದು, ಔಷಧ ಹಾಕಿ, ಮತ್ತೆ ಹಸುಗೂಸಿನ ಸ್ಥಿತಿಗೆ ತರುವುದು. ಆಮೇಲೆ ಹೃದಯದ ಸೆಲ್ಲಾಗಿ ಬೆಳೆಯುವಂತೆ ಪುಸಲಾಯಿಸುವುದು. ಜೊತೆಗೆ, ಅವನವೇ ಸೆಲ್ಲುಗಳಲ್ಲಿ ಕೆಲವಕ್ಕೆ ಆ ಒಂದು ಅಕ್ಷರವನ್ನು ತಿದ್ದಿ ಬೇರೆಯಾಗಿ ಬೆಳೆಸುವುದು. ತಿದ್ದಿದ್ದೂ ತಿದ್ದದ್ದೂ ಒಂದೇ ತರಹ ಬಡಿದುಕೊಂಡರೆ ಅಕ್ಷರದಿಂದ ತೊಂದರೆಯಿಲ್ಲ. ಬೇರೆಬೇರೆ ಬಡಿದುಕೊಂಡರೆ ಹಕ್ಕಿ.

ಇದೆಲ್ಲ ವಾರದ ಕೆಲಸವಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಓಡಬೇಡ, ಭಾರ ಎತ್ತಬೇಡ, ಏಣಿ ಹತ್ತಬೇಡ ಎಂದು ಅವನಿಗೆ ಅಪ್ಪಣೆಯಾಯಿತು. ಏಣಿ ಹತ್ತದ ಎಸಿ ಮೆಕ್ಯಾನಿಕ್ಕು ನೀರಿಗಿಳಿಯದ ಅಂಬಿಗನ ಹಾಗೆ. ಸೂಪರ್‌ವೈಸರ್ ಅವನನ್ನು ಫಿಲ್ಟರ್ ತೊಳೆಯಲು ಕೂರಿಸಿ, ಮುಂದೇನು ಅನ್ನುವುದನ್ನು ನೋಡೋಣ ಎಂದ. ಆ ‘ನೋಡೋಣ’ದ ಅರ್ಥ ಗುತ್ತಿಗೆ ಕೆಲಸ ಮಾಡಿದವರಿಗೆಲ್ಲ ಗೊತ್ತು. ಮನೆಯಲ್ಲಿ ಅತ್ತಿಗೆ ಪುಟ್ಟಿಯನ್ನು ನೆಲಕ್ಕೇ ಬಿಡುತ್ತಿರಲಿಲ್ಲ. ಮಗು ಎರಡು ಹೆಜ್ಜೆ ಜೋರಾಗಿ ಇಟ್ಟರೆ ಮೂರು ಕಡೆಯಿಂದ ‘ಓಡಬೇಡ’ ಎಂಬ ಕೂಗು. ಪುಟ್ಟಿ ಮೊದಲು ಕಲಿತ ಪೂರ್ತಿ ವಾಕ್ಯವೂ ಅದೇ. ಗೊಂಬೆಯನ್ನು ಕೂರಿಸಿ ಅದಕ್ಕೂ ‘ಓಡಬೇಡ’ ಎಂದು ಹೇಳುತ್ತಿದ್ದಳು.

ಎಸಿಯವನು ದಿನಕ್ಕೊಂದು ನೆಪ ತೆಗೆದು ಮೂರನೇ ಮಹಡಿಗೆ ಹೋಗತೊಡಗಿದ. ಯಾವ ಫಿಲ್ಟರೂ ಅಷ್ಟು ಸಲ ಕೊಳೆಯಾಗುವುದಿಲ್ಲ, ಅದು ಸೆಲ್ಲಕ್ಕನಿಗೂ ಗೊತ್ತಿತ್ತು. ಗಾಜಿನ ಪರದೆಯ ಹಿಂದೆ ಕೂತವಳ ಬೆನ್ನಿಗೆ ಕೇಳುವನು: ನನ್ನವು ಊಟ ಮಾಡಿದವಾ ಅಕ್ಕ? ಹ್ಞೂಂ. ಚೆನ್ನಾಗಿವೆಯಾ? ಹ್ಞೂಂ. ತೊಂದರೆ ಏನೂ ಕಾಣುತ್ತಿಲ್ಲ ತಾನೆ? ಆಗ ಮಾತ್ರ ಹ್ಞೂಂ ಅಲ್ಲ, ಉಹ್ಞೂಂ ಅಲ್ಲ, ಎರಡರ ನಡುವಿನದೊಂದು ಸದ್ದು ಬರುತ್ತಿತ್ತು. ಅದನ್ನು ಹಿಡಿದುಕೊಂಡು ಅವನು ರಾತ್ರಿಯೆಲ್ಲ ಅರ್ಥ ಹುಡುಕುತ್ತಿದ್ದ. ಒಂದು ದಿನ ಅವಳು ಎದ್ದುಬಂದು ಖಡಾಖಂಡಿತವಾಗಿ ಹೇಳಿದಳು. ಏನಿದ್ದರೂ ಡಾಕ್ಟರಮ್ಮ ಹೇಳುತ್ತಾರೆ. ನಾನು ಹೇಳುವುದಿಲ್ಲ, ತೋರಿಸುವುದೂ ಇಲ್ಲ. ತೋರಿಸಿದರೆ ಕಂಡದ್ದಕ್ಕೆಲ್ಲ ನೀನೇ ಒಂದು ಅರ್ಥ ಕಟ್ಟಿಕೊಂಡು ಕೂರುತ್ತೀಯ.

ಬೇಸಿಗೆಯ ಒಂದು ಬೆಳಿಗ್ಗೆ ಅವನು ಕೆಳಗಿನ ಮೆಟ್ಟಿಲ ಬಳಿ ಫಿಲ್ಟರ್ ಒರೆಸುತ್ತಿದ್ದ. ಮೇಲಿನಿಂದ ಕಟಕಟೆಗೆ ಬಾಗಿದ ಸೆಲ್ಲಕ್ಕನ ತಲೆ ಕಾಣಿಸಿತು. ಟೋಪಿ ಓರೆಯಾಗಿತ್ತು, ಮುಖ ಕೆಂಪಗಾಗಿತ್ತು.

“ಏ, ಬೇಗ ಬಾರೋ. ನಿಂದು ನಿಂತ್ಹೋಗಿದೆ.”

ಇಷ್ಟು ಹೇಳಿ ತಲೆ ಮಾಯವಾಯಿತು.

ಅವನ ಕೈಯಿಂದ ಫಿಲ್ಟರ್ ಜಾರಿತು. ಬೇರೆ ಯಾವ ದಿನವಾಗಿದ್ದರೂ ಸ್ಕ್ರೂಡ್ರೈವರ್ ಎತ್ತಿಕೊಂಡು ಓಡುತ್ತಿದ್ದ. ಇವತ್ತು ‘ನಿಂದು’ ಅನ್ನುವ ಮಾತು ನೇರವಾಗಿ ಎದೆಗೆ ಹೋಗಿ ಕೂತಿತು. ನಿಂತುಹೋಗಿದೆ. ಹಾಗಾದರೆ ಹಕ್ಕಿಯೇ. ಅಣ್ಣ ಹೊಟ್ಟಿನ ರಾಶಿಯ ಮೇಲೆ ಬಿದ್ದ ಹಾಗೆ ತಾನು ಎಲ್ಲಿ ಬೀಳುವೆನೋ. ಪುಟ್ಟಿ ಎಲ್ಲಿ ಬೀಳುವಳೋ. ಓಡಬಾರದು ಅನ್ನುವುದು ಆ ಗಾಬರಿಯಲ್ಲೂ ನೆನಪಿತ್ತು. ಒಂದೊಂದೇ ಮೆಟ್ಟಿಲು ಹತ್ತಿದ. ಮೂರನೇ ಮಹಡಿ ಮುಟ್ಟುವ ಮೊದಲೇ ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕೂತುಬಿಟ್ಟ. ಕೈಯಡಿಯಲ್ಲಿ ಅದು ಡವಡವ ಹೊಡೆದುಕೊಳ್ಳುತ್ತಿತ್ತು. ಬಾಟಲಿಯಲ್ಲಿ ನಿಂತಿದೆ, ಇಲ್ಲಿ ಇನ್ನೂ ಸುದ್ದಿ ಮುಟ್ಟಿಲ್ಲ ಎಂದುಕೊಂಡ.

ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಸೆಲ್ಲಕ್ಕನೇ ಹುಡುಕಿಕೊಂಡು ಬಂದಳು.

“ಯಾಕೋ ಇಲ್ಲಿ ಕೂತೆ? ಅಲ್ಲಿ ರೂಮೆಲ್ಲ ಕಾದು ಹಂಚಾಗಿದೆ.”

“ನಿಂತ್ಹೋಗಿದೆ ಅಂದ್ರಲ್ಲ ಅಕ್ಕ.”

“ಹ್ಞೂಂ, ನಿಂತಿದೆ. ಬೆಳಿಗ್ಗೆಯಿಂದ ಬರೀ ಬಿಸಿಗಾಳಿ ಬರ್ತಿದೆ.”

“ನಂದ್ರಿಂದ... ಗಾಳಿ ಬರುತ್ತಾ?”

ಅವಳು ಉತ್ತರ ಕೊಡಲು ಬಾಯಿ ತೆರೆದವಳು ಹಾಗೇ ನಿಂತಳು. ಅವನ ಕೈ ಎಲ್ಲಿದೆಯೆಂದು ಆಗ ನೋಡಿದಳು. ಗಾಜಿನ ಮೇಜಿನಿಂದ ಆಚೆ ಸೆಲ್ಲಕ್ಕ ಮಾತು ನುಂಗಿದ್ದನ್ನು ಅವನು ಕಂಡದ್ದು ಅದೊಂದೇ ಸಲ. ಆಮೇಲೆ ಅವನ ತೋಳು ಹಿಡಿದು ಎಬ್ಬಿಸಿದಳು. ಸೆಕೆ ತುಂಬಿದ ಮೈಕ್ರೋಸ್ಕೋಪ್ ಕೋಣೆಗೆ ನಡೆಸಿಕೊಂಡು ಹೋಗಿ, ಪೆಟ್ಟಿಗೆಯಿಂದ ಒಂದು ತಟ್ಟೆ ತಂದು ಮಸೂರದ ಕೆಳಗಿಟ್ಟು, ಕಣ್ಣಿಡು ಎಂದಳು.

ಮೊದಲು ಮಂಜು ಮಂಜು. ಅವಳು ಏನನ್ನೋ ತಿರುಗಿಸಿದಳು. ಬೂದು ಬಣ್ಣದ ಹಾಳೆಯಂಥದೊಂದು ಸ್ಪಷ್ಟವಾಯಿತು. ಆ ಹಾಳೆ ಇಡಿಯಾಗಿ ಒಮ್ಮೆ ಬಿಗಿಯಿತು, ಸಡಿಲಿತು. ಮತ್ತೆ ಬಿಗಿಯಿತು, ಸಡಿಲಿತು. ಹೇಳಿಕೊಡುವವರಿಲ್ಲ, ಕೇಳುವವರಿಲ್ಲ, ಸುತ್ತ ಮೈಯೇ ಇಲ್ಲ, ಆದರೂ ತನ್ನ ಪಾಡಿಗೆ ತಾನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಜೀವಮಾನದಲ್ಲಿ ಒಂದು ಕೆಲಸವನ್ನೂ ಯಾರೂ ಹೇಳದೆ ಮಾಡದಿದ್ದವನಿಗೆ ತನ್ನದೇ ಚೂರೊಂದು ಇಷ್ಟು ಶ್ರದ್ಧೆಯಿಂದ ದುಡಿಯುತ್ತಿರುವುದನ್ನು ಕಂಡು ಕಣ್ಣು ತುಂಬಿಬಂತು. ಮಸೂರ ಒದ್ದೆಯಾಯಿತೆಂದು ಸೆಲ್ಲಕ್ಕ ಬೈದಳು.

“ಬಡ್ಕೋತಿದೆ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತ ಅಲ್ಲ. ಅದನ್ನ ಡಾಕ್ಟರಮ್ಮ ಹೇಳ್ತಾರೆ. ನಿಂತಿಲ್ಲ, ಅಷ್ಟು ಮಾತ್ರ ನೋಡ್ಕೊ. ಈಗ ಹೋಗಿ ನಿಂತಿರೋದನ್ನ ರಿಪೇರಿ ಮಾಡು. ಈ ಸೆಕೇಲಿ ಬಡಿತದ ಲೆಕ್ಕ ತಪ್ಪಿ, ಇಲ್ಲದ ಕಾಯಿಲೆ ನಿಂಗೆ ಅಂಟಿಕೊಂಡೀತು.”

ಹೊರಗಿನ ಯೂನಿಟ್ಟು ಬಾಲ್ಕನಿಯ ನೆಲದ ಮೇಲೇ ಇದ್ದುದರಿಂದ ಏಣಿಯ ಪ್ರಶ್ನೆ ಬರಲಿಲ್ಲ. ಕೆಪಾಸಿಟರ್ ಸುಟ್ಟಿತ್ತು, ಅಷ್ಟೇ. ಹೊಸದು ಹಾಕಿದ. ಅದು ಗುರ್ ಎಂದು ಶುರುವಾದಾಗ, ಅಷ್ಟು ಇಂಪಾದ ಸದ್ದನ್ನು ತಾನು ಎಂದೂ ಕೇಳಿರಲಿಲ್ಲ ಎನಿಸಿತು. ಅವತ್ತಿನಿಂದ ಆ ಒಂದು ಎಸಿಗೆ ಅವನು ಮಾಡಿದ ಉಪಚಾರವನ್ನು ಅಳಿಯನಿಗೂ ಯಾರೂ ಮಾಡಿರಲಾರರು.

ಮಳೆ ಶುರುವಾಗುವ ಹೊತ್ತಿಗೆ ಡಾಕ್ಟರಮ್ಮ ಮನೆಯವರನ್ನು ಕರೆಸಿದರು. ಅಣ್ಣ, ಅತ್ತಿಗೆ, ಅತ್ತಿಗೆಯ ಸೊಂಟದ ಮೇಲೆ ಪುಟ್ಟಿ, ಪಕ್ಕದಲ್ಲಿ ಎಸಿಯವನು. ಡಾಕ್ಟರಮ್ಮ ಸುತ್ತಿ ಬಳಸಲಿಲ್ಲ. ತಿದ್ದಿದ ಸೆಲ್ಲೂ ತಿದ್ದದ ಸೆಲ್ಲೂ ಒಂದೇ ರೀತಿ ಬಡಿದುಕೊಂಡಿವೆ. ಸಂಬಂಧವಿಲ್ಲದ ಆರೋಗ್ಯವಂತರ ಸೆಲ್ಲಿನ ಜೊತೆ ಇಟ್ಟು ನೋಡಿದರೂ ಹಾಗೆಯೇ. ಓಡಿದಾಗ ಹೆದರಿದಾಗ ಮೈಯಲ್ಲಿ ಉಕ್ಕುವಂಥ ರಸ ಹಾಕಿ ಕೆಣಕಿ ನೋಡಿದರು, ಆಗಲೂ ಲಯ ತಪ್ಪಲಿಲ್ಲ. ಅಣ್ಣನ ಹೃದಯದ ಹೊಸ ಸ್ಕ್ಯಾನಿನಲ್ಲಿ ಹಳೆ ಜ್ವರದ ಕಲೆ ಸ್ಪಷ್ಟವಾಗಿ ಕಂಡಿದೆ. ಅವನು ಬಿದ್ದದ್ದು ಅದರಿಂದ. ಅದು ಮಕ್ಕಳಿಗೆ ಇಳಿಯುವಂಥದಲ್ಲ.

“ಬಾಷೆಯಾ ಡಾಕ್ಟ್ರೇ?” ಎಂದು ಅತ್ತಿಗೆ ಕೇಳಿದಳು. ಅಷ್ಟು ತಿಂಗಳಲ್ಲಿ ಅವಳು ಬೇರೆಲ್ಲ ಮಾತನ್ನೂ ಮರೆತಿದ್ದಳು, ಅದೊಂದನ್ನು ಬಿಟ್ಟು.

ಬಾಷೆಯೇ, ಹಕ್ಕಿಯಲ್ಲ ಎಂದರು ಡಾಕ್ಟರಮ್ಮ. ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗಿ, ಉಳಿದಂತೆ ಎಲ್ಲರ ಹಾಗೆ ಇರಿ. ಅತ್ತಿಗೆ ಅದನ್ನೇ ಇನ್ನೊಮ್ಮೆ ಕೇಳಿದಳು, ಅವರು ಅದನ್ನೇ ಇನ್ನೊಮ್ಮೆ ಹೇಳಿದರು. ಅಣ್ಣ ಸುಮ್ಮನೆ ತಮ್ಮನ ತೊಡೆ ತಟ್ಟುತ್ತಾ ಕೂತಿದ್ದ, ಮರ ಗಟ್ಟಿಯಿದೆಯೋ ಎಂದು ನೋಡುವವನ ಹಾಗೆ. ಹೊರಗೆ ಬಂದ ಮೇಲೆ ಅತ್ತಿಗೆ ಪುಟ್ಟಿಯನ್ನು ಕಾರಿಡಾರಿನಲ್ಲಿ ಕೆಳಗಿಳಿಸಿದಳು. ಮಗು ಒಂದು ಹೆಜ್ಜೆ ಇಟ್ಟು ಹಿಂದಿರುಗಿ ನೋಡಿತು. ಯಾರೂ ಕೂಗಲಿಲ್ಲ. ಎರಡು ಹೆಜ್ಜೆ. ಆಗಲೂ ಇಲ್ಲ. ಆಮೇಲೆ “ಓಡಬೇಡ, ಓಡಬೇಡ” ಎಂದು ತಾನೇ ಕೂಗಿಕೊಳ್ಳುತ್ತಾ ಆ ತುದಿಯವರೆಗೆ ಓಡಿತು. ಗೇಟಿನ ಹತ್ತಿರ ತಾತ ಅದನ್ನು ಎತ್ತಿಕೊಂಡು, ಇದು ಫ್ರೀಜರಿನಿಂದ ತಪ್ಪಿಸಿಕೊಂಡು ಬಂದ ಮಗುವೋ ಎಂದು ಎಸಿಯವನಿಗೆ ಕೇಳುವಂತೆ ವಿಚಾರಿಸಿದರು.

ಮನೆಯವರನ್ನು ಕಳಿಸಿ ಅವನು ನೇರ ಮೂರನೇ ಮಹಡಿಗೆ ಹೋದ. ಈ ಸಲ ಮೆಟ್ಟಿಲನ್ನು ಎರಡೆರಡಾಗಿ ಹಾರಿದ. ಸೆಲ್ಲಕ್ಕ ಸಿಂಕಿನ ಮುಂದೆ ನಿಂತು ಏನನ್ನೋ ತೊಳೆಯುತ್ತಿದ್ದಳು. ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ಹಾಗಿದ್ದೂ ಅವನು ಹೇಳುವವರೆಗೆ ಕಾದು, ಹೇಳಿದ ಮೇಲೆ ತಲೆಯಾಡಿಸಿದಳು. ನಾಳೆಯಿಂದ ಏಣಿ ಹತ್ತುತ್ತೀಯಲ್ಲ, ಮೊದಲು ಬಾಗಿಲ ಮೇಲಿನದು ನೋಡು, ಮೂರು ತಿಂಗಳಿಂದ ನನ್ನ ನೆತ್ತಿಯ ಮೇಲೆ ತೊಟ್ಟಿಕ್ಕುತ್ತಿದೆ ಎಂದಳು.

ಅವನು ಹೋಗಲಿಲ್ಲ. ಬಾಗಿಲಲ್ಲೇ ನಿಂತು, ಕಾಲ ಬೆರಳಲ್ಲಿ ನೆಲ ಕೆರೆಯುತ್ತಾ, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದ. ತನ್ನವು ಈಗ ಎಲ್ಲಿವೆ, ಪೆಟ್ಟಿಗೆಯಲ್ಲಿ ಇನ್ನೂ ಬಡಿದುಕೊಳ್ಳುತ್ತಿವೆಯಾ, ಇನ್ನೊಂದು ಸಲ ನೋಡಬಹುದಾ.

ಪರೀಕ್ಷೆ ಮುಗಿಯಿತಲ್ಲ, ಬೆಳಿಗ್ಗೆಯೇ ಬ್ಲೀಚ್ ಹಾಕಿ ಸಿಂಕಿಗೆ ಸುರಿದೆ ಎಂದಳು. ಅವನು ಸಿಂಕನ್ನು ನೋಡಿದ. ನಲ್ಲಿ ತೊಟ್ಟಿಕ್ಕುತ್ತಿತ್ತು.

“ಅಷ್ಟು ದಿನ ಊಟ ಹಾಕಿ ಸಾಕಿದ್ರಿ. ಸುರಿಯೋವಾಗ ನಿಮಗೆ ಏನೂ ಅನ್ನಿಸ್ಲಿಲ್ವಾ ಅಕ್ಕ?”

ಸೆಲ್ಲಕ್ಕ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ, ಸೆರಗಿನ ತುದಿಗೆ ಕೈ ಒರೆಸಿಕೊಂಡಳು.

“ಅನ್ನಿಸ್ತು. ಸದ್ಯ, ಒಂದು ಶೆಲ್ಫ್ ಖಾಲಿ ಆಯ್ತಲ್ಲ ಅನ್ನಿಸ್ತು.”